ಹಲ್ಲು ಯಾವ ಇಲಾಖೆಗೆ ಬರ್ತೈತ್ರಿ?

ಕೊಪ್ಪಳ ಸೀಮೆಯಲ್ಲಿ ಒಂದು ಹಲ್ಲು ಉದುರಿದ್ದಕ್ಕೆ ಇಡೀ ಸರ್ಕಾರ ಎದ್ದುಬಿದ್ದು ಓಡಿಬಂದ ದಾಖಲೆ ಇದೆ. ತಾರೀಕು 2024ರ ಆಗಸ್ಟ್ 10, ರಾತ್ರಿ. ಬಾಯಿ ತುಂಗಭದ್ರಾ ಡ್ಯಾಮಿನದು. ಮನುಷ್ಯನಿಗೆ ದೇವರು 32 ಕೊಟ್ಟ. ಡ್ಯಾಮಿಗೆ ಎಂಜಿನಿಯರುಗಳು 33 ಗೇಟು ಕೊಟ್ಟರು. 19ನೆಯದರ ಚೈನು ಕಡಿಯಿತು, ಗೇಟು ಹೊಳೆಪಾಲಾಯಿತು.

ಉಪಮುಖ್ಯಮಂತ್ರಿ ಮರುದಿನವೇ ಹಾಜರು. ಹಿಂದೆಯೇ ಮುಖ್ಯಮಂತ್ರಿ. ವಿರೋಧ ಪಕ್ಷದವರು ಬಂದು ಬೈದು ಹೋದರು. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ, ಒಂದು ವಾರದಲ್ಲಿ ತಾತ್ಕಾಲಿಕ ಹಲ್ಲು ಕೂಡಿಸಿಬಿಟ್ಟರು. ಆಮೇಲೆ ತಜ್ಞರ ಸಮಿತಿ ಬಾಯೆಲ್ಲ ತಪಾಸಣೆ ಮಾಡಿ, ಒಂದರಿಂದ ಆಗದು, 33ನ್ನೂ ಹೊಸದಾಗಿ ಕೂಡಿಸಿ ಎಂದಿತು. ಆಗಲಿ ಎಂದರು.

ಯಾರೂ ಡ್ಯಾಮಿಗೆ ಬಿಪಿಎಲ್ ಕಾರ್ಡ್ ಕೇಳಲಿಲ್ಲ. ಇಎಂಐ ಮಾಡ್ಕೋರಿ ಅನ್ನಲಿಲ್ಲ. ಇದು ಸೌಂದರ್ಯ ಚಿಕಿತ್ಸೆ, ನಮ್ಮ ಯೋಜನೆಯಲ್ಲಿ ಬರೋದಿಲ್ಲ ಅಂತ ಅರ್ಜಿ ವಾಪಸ್ ಕಳಿಸಲಿಲ್ಲ.

ಈ ಎಲ್ಲ ಮಾತು ಕೇಳಬೇಕೆಂದರೆ ಹಲ್ಲು ಮನುಷ್ಯನದಾಗಿರಬೇಕು.

ಗಂಗಾವತಿಯಲ್ಲಾಗಲಿ ಕೊಪ್ಪಳದಲ್ಲಾಗಲಿ, ಯಾವ ದಂತ ಕ್ಲಿನಿಕ್ಕಿಗಾದರೂ ಹೋಗಿ. ಮಾತು ಹೀಗೇ ಶುರುವಾಗುತ್ತದೆ.

"ಡಾಕ್ಟ್ರ, ಒಂದು ಫಿಕ್ಸ್ ಹಲ್ಲು ಕೂಡಸಾಕ ಎಷ್ಟಾಗ್ತೈತ್ರಿ?"

"ಯಾವ ಕಂಪನೀದು ಹಾಕೋಣ್ರಿ ಯಜಮಾನ್ರ? ಕೊರಿಯಾ ಐತಿ, ಇಸ್ರೇಲ್ ಐತಿ, ಜರ್ಮನಿ ಐತಿ, ಸ್ವಿಸ್ ಐತಿ."

ಯಲಬುರ್ಗಾ ಸಂತೆ ಬಿಟ್ಟು ಬೇರೇನೂ ನೋಡದ ಯಜಮಾನರ ಮುಂದೆ ವಿದೇಶ ಪ್ರವಾಸದ ಪಟ್ಟಿ.

ದರ? ಊರು, ಡಾಕ್ಟರು, ಕಂಪನಿ ನೋಡಿ ಒಂದು ಹಲ್ಲಿಗೆ ಸುಮಾರು 20ರಿಂದ 40 ಸಾವಿರ. ಸ್ವಿಸ್ ಬೇಕೆಂದರೆ ಅದರ ಮೇಲೆ. ಇಷ್ಟಕ್ಕೆ ಏನೇನು ಬಂತು ಅನ್ನೋದು ಮಾತ್ರ ಬಾಯಿ ತೆರೆದ ಮೇಲೆ ತಿಳಿಯುತ್ತದೆ. ಎಲುಬಿನೊಳಗೆ ಕೂರುವ ಟೈಟಾನಿಯಂ ಸ್ಕ್ರೂ, ಅಂದರೆ ಇಂಪ್ಲಾಂಟ್, ಒಂದು. ಅದರ ಮೇಲಿನ ಗೂಟ ಇನ್ನೊಂದು. ಗೂಟದ ಮೇಲಿನ ಕ್ಯಾಪ್ ಮತ್ತೊಂದು. ಎಲುಬು ಸವೆದಿದ್ದರೆ ಎಲುಬಿನ ಪುಡಿ. ಮೇಲ್ದವಡೆಯ ಹಿಂಬದಿಯಾದರೆ ಕೆಲವೊಮ್ಮೆ ಸೈನಸ್ ಎತ್ತುವ ಕೆಲಸ. ಮೊದಲಿಗೆ ಒಂದು ತ್ರೀಡಿ ಸ್ಕ್ಯಾನ್. ಕೆಲವರು ಎಲ್ಲ ಕೂಡಿಸಿ ಒಂದೇ ಮಾತಿನಲ್ಲಿ ಹೇಳುತ್ತಾರೆ. ಕೆಲವರು ಸ್ಕ್ರೂ ದರವನ್ನಷ್ಟೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, ಪಕ್ಕದಲ್ಲಿ ಇರುವೆಯಷ್ಟು ಸಣ್ಣ ನಕ್ಷತ್ರ ಹಾಕುತ್ತಾರೆ. ಉಳಿದದ್ದೆಲ್ಲ ಆ ನಕ್ಷತ್ರದ ಹಿಂದೆ ಕೂತಿರುತ್ತದೆ.

ನಡುವಿನ ಲೆಕ್ಕ ಹಿಡಿಯೋಣ. ಒಂದು ಹಲ್ಲಿಗೆ 30 ಸಾವಿರ. ಗೃಹಲಕ್ಷ್ಮಿ ತಿಂಗಳಿಗೆ 2 ಸಾವಿರ, ಅಂದರೆ 15 ತಿಂಗಳು. ಅದೂ ಕಂತು ತಪ್ಪದೆ ಬಂದರೆ. ನರೇಗಾದಲ್ಲಿ 2025-26ರ ದಿನಗೂಲಿ 370 ರೂಪಾಯಿ ಇತ್ತು. 81 ದಿನ ಬಿಸಿಲಲ್ಲಿ ಮಣ್ಣು ಹೊತ್ತರೆ 29,970 ಆಗುತ್ತಿತ್ತು. ಇನ್ನೂ 30 ರೂಪಾಯಿ ಕಡಿಮೆ. ಆಗಿನ ನೂರು ದಿನದ ಖಾತ್ರಿಯಲ್ಲಿ ಉಳಿದ 19 ದಿನದ ಕೂಲಿಯಲ್ಲಿ ವರ್ಷವಿಡೀ ಹೊಟ್ಟೆ ಹೊರೆಯಬಹುದಿತ್ತು. ಹೊಸ ಹಲ್ಲಿಗೆ ಕೆಲಸವೇ ಇರುತ್ತಿರಲಿಲ್ಲ.

ಇದೆಲ್ಲ ಯಾರಿಗೂ ಬೇಡದ ಐಷಾರಾಮ ಅಂತೀರಾ? ಹಾಗಾದರೆ ಹಲ್ಲು ಹೋಗಿದ್ದು ಹೇಗೆ ಅಂತ ವಿಚಾರಿಸಿ.

ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಯವನು ನಕ್ಕರೆ ಸಾಕು, ಅವನೂರಿನ ಬೋರ್‌ವೆಲ್ಲಿನ ವರದಿ ಕಾಣುತ್ತದೆ. ಹಳದಿ ಗೆರೆ, ಕಂದು ಕಲೆ, ಸುಣ್ಣದ ಮಚ್ಚೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ನಡೆಯುತ್ತದೆ ಅಂತ ದೇಶದ ಮಾನಕ ಇದೆ. ನಮ್ಮ ಕಲ್ಲುಭೂಮಿಯ ನೀರಿಗೆ ಆ ಮಾನಕ ಯಾರೂ ಓದಿ ಹೇಳಿಲ್ಲ. ಹಲ್ಲು ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಏಳೆಂಟು ವರ್ಷದೊಳಗೆ ಕುಡಿದದ್ದು ಎನಾಮಲ್ಲಿನಲ್ಲಿ ಕೂತುಬಿಡುತ್ತದೆ. ಜೋರಾಗಿದ್ದರೆ ಎನಾಮಲ್ ಚಕ್ಕೆ ಏಳುತ್ತದೆ, ಸವೆಯುತ್ತದೆ. ಮುಂದೆ ಯಾವ ಪೇಸ್ಟಿನಿಂದಲೂ ಅದು ಹೋಗದು.

ಪಕ್ಕದಲ್ಲೇ ತುಂಗಭದ್ರೆ. ಅದರ ನೀರಲ್ಲಿ ಗಂಗಾವತಿ ಸೋನಾ ಮಸೂರಿ ಬೆಳೆಯಿತು, ಭತ್ತದ ಕಣಜ ಎನಿಸಿಕೊಂಡಿತು. ಅದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾದವರು ಬೋರಿಗೆ ಕೈಯೊಡ್ಡಿದರು. ಕೃಷ್ಣೆಯ ನೀರನ್ನು ನಾರಾಯಣಪುರದಿಂದ ತರುವ ಬಹುಗ್ರಾಮ ಯೋಜನೆ ಬಂತು. ಪೈಪು ಬಂತು, ಟಾಕಿ ಬಂತು, ನಲ್ಲಿಯಲ್ಲಿ ಎಷ್ಟು ಬಂತು ಅಂತ ಊರೂರಿಗೆ ಹೋಗಿ ಅವ್ವಂದಿರನ್ನು ಕೇಳಿ. ಊರಿಗೊಂದು ಶುದ್ಧ ಕುಡಿಯುವ ನೀರಿನ ಘಟಕವೂ ಬಂತು. ಉದ್ಘಾಟನೆಯ ಕಲ್ಲಿನ ಮೇಲಿನ ಹೆಸರುಗಳು ಇನ್ನೂ ಹೊಳೆಯುತ್ತವೆ. ಕೆಟ್ಟು ನಿಂತ ಘಟಕಗಳಲ್ಲೂ ಹೊಳೆಯುತ್ತವೆ.

2013ರಲ್ಲಿ ಈ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಸಿಕ್ಕಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಬಜೆಟ್ ಭಾಷಣದಲ್ಲಿ ವರ್ಷಕ್ಕೆ 5,000 ಕೋಟಿ ಅನ್ನುತ್ತಾರೆ. ಯಲಬುರ್ಗಾದ ಶಾಸಕರಂತೂ ಮುಖ್ಯಮಂತ್ರಿಗೇ ಆರ್ಥಿಕ ಸಲಹೆಗಾರರಾದರು. ಹೆಸರು ಬದಲಾಯಿತು, ಹುದ್ದೆ ಬಂತು. ನೀರು ಹಾಗೇ ಇದೆ.

ನೀರಿನಿಂದ ಉಳಿದ ಹಲ್ಲಿಗೆ ಗುಟ್ಕಾ ಇದೆ.

ಗುಟ್ಕಾ ರಾಜ್ಯದಲ್ಲಿ 2013ರಿಂದಲೇ ನಿಷೇಧ. ನಗಬೇಡಿ, ನಿಜವಾಗಿಯೂ ನಿಷೇಧ. ಅದಕ್ಕೇ ಪಾನ್ ಮಸಾಲೆಯದೊಂದು ಚೀಟಿ, ತಂಬಾಕಿನದೊಂದು ಚೀಟಿ, ಎರಡೂ ಒಂದೇ ಮೊಳೆಗೆ ನೇತುಹಾಕಿ ಮಾರುತ್ತಾರೆ. ಗಿರಾಕಿ ಅಂಗಡಿ ಮುಂದೆಯೇ ನಿಂತು ಎರಡನ್ನೂ ಹರಿದು ಕೂಡಿಸುತ್ತಾನೆ. ಕಾನೂನು ಮುರಿದದ್ದು ಅವನ ಅಂಗೈ. ಎರಡೂ ಚೀಟಿಯ ಮೇಲೆ ತೆರಿಗೆ ಬರುತ್ತದೆ. ಒಸಡು ಇಳಿಯುತ್ತದೆ, ಹಲ್ಲು ಅಲುಗಾಡುತ್ತದೆ. ಬಾಯಿ ಕ್ಯಾನ್ಸರ್ ಆದರೆ ಮಾತ್ರ ಸರ್ಕಾರಿ ಯೋಜನೆ ಬಾಗಿಲು ತೆರೆಯುತ್ತದೆ. ಅಲ್ಲಿಯವರೆಗೆ ಕಾಯಬೇಕು.

ಹೀಗೆ ಹಲ್ಲು ಕೆಡಿಸುವುದು ಸಾರ್ವಜನಿಕ ಕೆಲಸ. ಕೂಡಿಸಿಕೊಳ್ಳುವುದು ಮನೆಯ ಖರ್ಚು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಹೃದಯ ಇದೆ, ಕಿಡ್ನಿ ಇದೆ, ಮೊಣಕಾಲು ಇದೆ. ಹಲ್ಲು? ಆಯುಷ್ಮಾನ್ ನಿಯಮದ ಪ್ರಕಾರ ಹುಳುಕು ತುಂಬುವುದು, ರೂಟ್ ಕೆನಾಲ್, ಅಂದಚಂದದ ದಂತ ಚಿಕಿತ್ಸೆ, ತೇಯ್ಮಾನ, ಎಲ್ಲ ಹೊರಗೆ. ಕಾಯಿಲೆಯಿಂದಲೋ ಪೆಟ್ಟಿನಿಂದಲೋ ಆಸ್ಪತ್ರೆಯಲ್ಲಿ ಮಲಗುವಂತಾದರೆ ಮಾತ್ರ ಒಳಗೆ. ಖಾಸಗಿ ವಿಮೆಯವರ ಪಾಲಿಸಿಯಲ್ಲೂ ಬಹುತೇಕ ಇದೇ ರಾಗ.

ಅಂದರೆ ಕುಷ್ಟಗಿ ಹತ್ತಿರ 50ನೇ ಹೆದ್ದಾರಿಯಲ್ಲಿ ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದು ದವಡೆ ಮುರಿದುಕೊಂಡರೆ ದವಡೆ ಜೋಡಣೆಗೆ ದಾರಿ ಇದೆ. ಮರ್ಯಾದೆಯಿಂದ ಮನೆಯಲ್ಲಿ ಕೂತು ಒಂದೊಂದೇ ಹಲ್ಲು ಕಳೆದುಕೊಂಡವನು ಅಂದಗಾರ.

ದವಡೆ ಅಂದಾಗ ನೆನಪಾಯಿತು. ಗಂಗಾವತಿ ಪಕ್ಕದ ಅಂಜನಾದ್ರಿಯಲ್ಲೇ ಹನುಮಂತ ಹುಟ್ಟಿದ್ದು ಅಂತ ನಾವು ಎದೆ ತಟ್ಟಿ ಹೇಳುತ್ತೇವೆ. ಆ ಕೂಸಿನ ದವಡೆಗೆ ಇಂದ್ರ ವಜ್ರಾಯುಧದಿಂದ ಹೊಡೆದಾಗ ಅಪ್ಪ ವಾಯುದೇವ ಮುಷ್ಕರಕ್ಕೆ ಕೂತ. ಮೂರು ಲೋಕ ಉಸಿರುಗಟ್ಟಿತು. ದೇವತೆಗಳು ಸಾಲಾಗಿ ಬಂದು ವರದ ಮೇಲೆ ವರ ಕೊಟ್ಟರು. ಈಗ ಆ ಬೆಟ್ಟಕ್ಕೆ ಕೋಟಿಗಟ್ಟಲೆ ಅನುದಾನ ಬರುತ್ತದೆ. ಬೆಟ್ಟದ ಬುಡದಲ್ಲಿ ತೆಂಗಿನಕಾಯಿ ಮಾರುವ ಅಜ್ಜಿಯ ದವಡೆಗೆ ಏನೂ ಬರುವುದಿಲ್ಲ. ಅವಳ ಪರವಾಗಿ ಮುಷ್ಕರ ಹೂಡುವ ಅಪ್ಪ ಇಲ್ಲ.

ಎಲ್ಲರ ಹಲ್ಲಿಗೂ ಹೀಗೇ ಅಂದುಕೊಳ್ಳಬೇಡಿ. 2018ರಲ್ಲಿ ನೆರೆಯ ಆಂಧ್ರದ ಹಣಕಾಸು ಸಚಿವ ಯನಮಲ ರಾಮಕೃಷ್ಣುಡು ಸಿಂಗಾಪುರದಲ್ಲಿ ರೂಟ್ ಕೆನಾಲ್ ಮಾಡಿಸಿಕೊಂಡರು. ಬಿಲ್ಲು 2.88 ಲಕ್ಷ ರೂಪಾಯಿ. ಸರ್ಕಾರ ಆದೇಶ ಹೊರಡಿಸಿ ಕೊಟ್ಟಿತು. ನಮ್ಮ ಯಜಮಾನರಿಗೆ ಸೌಂದರ್ಯ ಎನಿಸಿದ್ದು ಸಚಿವರ ಬಾಯಿಗೆ ಬಂದಾಗ ವೈದ್ಯಕೀಯ ವೆಚ್ಚ. ತುಂಗಭದ್ರೆಯ ನೀರಿನಲ್ಲಿ ಪಾಲು ಕೇಳುವ ರಾಜ್ಯ ಅದು. ಈ ಒಂದು ವಿಷಯದಲ್ಲಿ ನಾವೂ ಅವರಲ್ಲಿ ಪಾಲು ಕೇಳಬಹುದಿತ್ತು. ಆ ದುಡ್ಡಿನಲ್ಲಿ ಗಂಗಾವತಿಯ ಒಂಬತ್ತು ಬಾಯಿಗೆ ಒಂದೊಂದು ಹಲ್ಲು ಬರುತ್ತಿತ್ತು.

ದರ ಇಳಿಸಲು ಆಗದು ಅನ್ನುವವರಿಗೆ ಒಂದು ನೆನಪು. 2017ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಹೃದಯದ ಸ್ಟೆಂಟಿಗೆ ಮಿತಿ ಹಾಕಿತು. ಲಕ್ಷ ದಾಟುತ್ತಿದ್ದದ್ದು 30 ಸಾವಿರದೊಳಗೆ ಬಂತು. ಅದೇ ಆಗಸ್ಟಿನಲ್ಲಿ ಮೊಣಕಾಲಿನ ಸರದಿ. ಕಂಪನಿಗಳು ಅತ್ತವು, ಕರೆದವು, ಇನ್ನೂ ಮಾರುತ್ತಲೇ ಇವೆ. ಹಲ್ಲಿನ ಸ್ಕ್ರೂಗೆ ಇಂಥ ಮಿತಿ ಇಲ್ಲ. ಹೃದಯ ನಿಂತರೆ ಮನುಷ್ಯ ಸಾಯುತ್ತಾನೆ. ಹಲ್ಲು ಹೋದರೆ ಮೆತ್ತಗಿನದು ತಿನ್ನುತ್ತಾನೆ, ಸುಮ್ಮನಿರುತ್ತಾನೆ. ಸುಮ್ಮನಿರುವವನಿಗೆ ಯಾರು ಮಿತಿ ಹಾಕುತ್ತಾರೆ?

ಈ ಸ್ಕ್ರೂ ಹೊಸ ಚಮತ್ಕಾರವೂ ಅಲ್ಲ. ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನುವ ವಿಜ್ಞಾನಿ 1950ರ ದಶಕದಲ್ಲಿ ಮೊಲದ ಎಲುಬಿನಲ್ಲಿಟ್ಟ ಟೈಟಾನಿಯಂ ಎಲುಬಿಗೇ ಕಚ್ಚಿಕೊಂಡದ್ದನ್ನು ನೋಡಿದ. 1965ರಲ್ಲಿ ಮೊದಲ ರೋಗಿಗೆ ಹಾಕಿದ. ಆ ರೋಗಿ ಅದರಲ್ಲೇ ನಲವತ್ತು ವರ್ಷ ಅಗಿದ. ಅರವತ್ತು ವರ್ಷ ಹಳೆಯ ತಂತ್ರಜ್ಞಾನವನ್ನು ನಮಗೆ ಇಂದಿಗೂ ಲೇಟೆಸ್ಟ್ ಅಂತಲೇ ಮಾರುತ್ತಾರೆ.

ಡಾಕ್ಟರನ್ನು ಬೈದು ಬಾಯಿ ಚಪಲ ತೀರಿಸಿಕೊಳ್ಳಬಹುದು. ಅವರದೂ ಒಂದು ಲೆಕ್ಕ ಇದೆ. ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿವೆ, ಬಹುತೇಕ ಖಾಸಗಿ. ಲಕ್ಷಗಟ್ಟಲೆ ಕೊಟ್ಟು ಓದಿ, ಸಾಲ ಮಾಡಿ ಕುರ್ಚಿ ತಂದು ಕೂತವರು ಅದನ್ನು ನಿಮ್ಮ ಬಾಯಿಯಿಂದಲೇ ತೆಗೆಯಬೇಕು. ಸರ್ಕಾರಿ ಹುದ್ದೆ ಕೇಳಬೇಡಿ, ತಾಲ್ಲೂಕು ಆಸ್ಪತ್ರೆಗೆ ಒಂದು ಕುರ್ಚಿ ಇದ್ದರೆ ಹೆಚ್ಚು. ಅಲ್ಲಿ ಪಾಪ, ಹುಳುಕು ತುಂಬುತ್ತಾರೆ, ಕೀಳುತ್ತಾರೆ. ಕೀಳುವುದಕ್ಕೆ ನಮ್ಮಲ್ಲಿ ಎಂದೂ ಬರ ಬಂದಿಲ್ಲ.

ಮತ್ತೆ, ದೇಶಕ್ಕೆ ದಂತವೈದ್ಯರನ್ನು ಸರಬರಾಜು ಮಾಡುವ ಇದೇ ರಾಜ್ಯದಲ್ಲಿ ಕೊಪ್ಪಳ ಜಿಲ್ಲೆಗೆ ಒಂದೂ ದಂತ ಕಾಲೇಜು ಇಲ್ಲ. 2015ರಿಂದ ವೈದ್ಯಕೀಯ ಕಾಲೇಜು ಇದೆ. ಅದು ಗಂಟಲಿನಿಂದ ಕೆಳಗಿನದನ್ನು ಚೆನ್ನಾಗಿ ನೋಡಿಕೊಳ್ಳಲಿ.

ಸರಿ, ದುಡ್ಡು ಹೊಂದಿಸುವ ದಾರಿಗಳಿಗೆ ಬರೋಣ.

ಎಲ್ಲರೂ ತೋರಿಸುವ ದಾರಿ, ಬಡ್ಡಿ ಇಲ್ಲದ ಇಎಂಐ. ಸೊನ್ನೆ ಬಡ್ಡಿ ಅನ್ನುವುದು ಇಲ್ಲವೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದು ಹೇಳಿದೆ. ಆ ಬಡ್ಡಿ ಎಲ್ಲೋ ಕೂತಿರುತ್ತದೆ. ಪ್ರೊಸೆಸಿಂಗ್ ಫೀಯಲ್ಲಿ ಇಲ್ಲದಿದ್ದರೆ ಹಲ್ಲಿನ ದರದಲ್ಲಿ. ಒಂದೇ ಸಲ ಕೊಟ್ಟರೆ ಎಷ್ಟು ಇಳಿಸ್ತೀರಿ ಅಂತ ಕೇಳಿ ನೋಡಿ. ಇಳಿದಷ್ಟೂ ಬಡ್ಡಿ.

ಎರಡನೆಯದು ಸಂಘದ ಸಾಲ, ಮೈಕ್ರೋ ಫೈನಾನ್ಸ್. ಇವರ ವಸೂಲಿ ಕಾಟ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ವಾರದ ಕಂತು ತಪ್ಪಿದರೆ ಇದ್ದ ಹಲ್ಲೂ ಉಳಿಯುವುದು ಅನುಮಾನ. ಮನೆಯಲ್ಲಿ ಬಂಗಾರ ಇದ್ದರೆ ಬ್ಯಾಂಕಿನಲ್ಲಿ ಅಡವಿಡುವುದು ಇದಕ್ಕಿಂತ ಅಗ್ಗ. ಹೆಂಡತಿಯ ಸರಕ್ಕೆ ಗಂಡನ ಹಲ್ಲು. ಉಲ್ಟಾ ನಡೆದದ್ದು ನಾನಂತೂ ಕೇಳಿಲ್ಲ. ನಮ್ಮಲ್ಲಿ ಅವ್ವಂದಿರ ಹಲ್ಲು ಯಾವತ್ತೂ ಮುಂದಿನ ಸುಗ್ಗಿಗೆ.

ಆದಾಯ ತೆರಿಗೆಯಲ್ಲೂ ಒಂದು ಕರುಣೆ ಇದೆ. ವಿಮೆ ಇಲ್ಲದ ಹಿರಿಯ ನಾಗರಿಕರು ಚಿಕಿತ್ಸೆಯ ಖರ್ಚನ್ನು 50 ಸಾವಿರದವರೆಗೆ ಕಳೆದು ತೋರಿಸಬಹುದು. ಷರತ್ತುಗಳು: ಹಳೆಯ ತೆರಿಗೆ ಪದ್ಧತಿಯಲ್ಲಿರಬೇಕು, ನಗದು ಕೊಟ್ಟಿರಬಾರದು, ಮುಖ್ಯವಾಗಿ ತೆರಿಗೆ ಕಟ್ಟುವಷ್ಟು ಆದಾಯ ಇರಬೇಕು. ಅಷ್ಟು ಆದಾಯ ಇದ್ದವನು ಹಲ್ಲಿಗಾಗಿ ಈ ಲೇಖನ ಓದುತ್ತಿರಲಿಲ್ಲ.

ನಿಜವಾಗಿ ಖರ್ಚು ಇಳಿಯುವ ದಾರಿ ದಂತ ಕಾಲೇಜು. ಬಳ್ಳಾರಿಯಲ್ಲಿ ಸರ್ಕಾರಿ ಕಾಲೇಜು ಇದೆ. ಬಾಗಲಕೋಟೆ, ರಾಯಚೂರು, ಧಾರವಾಡದಲ್ಲಿ ಖಾಸಗಿಯವು ಇವೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣೆದುರು ಮಾಡುತ್ತಾರೆ, ಕ್ಲಿನಿಕ್ಕಿಗಿಂತ ಕಡಿಮೆಯಲ್ಲಿ ಆಗುತ್ತದೆ. ಸಮಯ ಮಾತ್ರ ಹಿಡಿಯುತ್ತದೆ. ಸ್ಕ್ರೂ ಎಲುಬಿಗೆ ಕಚ್ಚಲೆಂದು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು, ಅಷ್ಟರಲ್ಲಿ ಹಲವು ಓಡಾಟ. ಶಕ್ತಿ ಯೋಜನೆಯಿಂದ ಅಜ್ಜಿಗೆ ಬಸ್ಸು ಪುಕ್ಕಟೆ. ಜೊತೆಗೆ ಹೋಗುವ ಅಜ್ಜನಿಗೆ ಟಿಕೆಟ್ಟು. ಒಂದು ದಿನ ಹೋದರೆ ಇಬ್ಬರದೂ ಕೂಲಿ ಹೋಯಿತು.

ಎಲ್ಲರಿಗೂ ಇಂಪ್ಲಾಂಟೇ ಬೇಕೆಂದೇನಿಲ್ಲ. ಒಂದು ಹಲ್ಲಿಗೆ, ಅಕ್ಕಪಕ್ಕದ ಹಲ್ಲಿನ ಆಸರೆಯಲ್ಲಿ ನಿಲ್ಲುವ ಬ್ರಿಜ್ ನಡೆಯುವ ಕಡೆ ನಡೆಯುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ, ತಂಬಾಕು ಬಿಡದಿದ್ದರೆ ಸ್ಕ್ರೂ ಬಿದ್ದುಹೋಗುವ ಅಪಾಯ ಹೆಚ್ಚು. ಆಗ 30 ಸಾವಿರ ಉಗುಳಿದಂತೆ. ಇದನ್ನು ಬೋರ್ಡಿನ ಮೇಲೆ ಯಾರೂ ಬರೆಯುವುದಿಲ್ಲ, ನಕ್ಷತ್ರದ ಹಿಂದೆ ಕೂಡ.

ಇನ್ನು ಸರ್ಕಾರದ ಬಳಿ ಏನೂ ಇಲ್ಲ ಅಂದರೆ ಸುಳ್ಳಾದೀತು. ದಂತಭಾಗ್ಯ ಇದೆ! ಸಿದ್ದರಾಮಯ್ಯ ಮೊದಲ ಸಲ ಮುಖ್ಯಮಂತ್ರಿಯಾಗಿದ್ದಾಗ ಭಾಗ್ಯಗಳ ಸಾಲಿನಲ್ಲಿ ಇದೂ ಹುಟ್ಟಿತು. ಬಿಪಿಎಲ್ ಕಾರ್ಡಿನವರಿಗೆ ಉಚಿತ ಹಲ್ಲಿನ ಸೆಟ್. ಮೊದಲು 60 ದಾಟಿರಬೇಕಿತ್ತು, ಆಮೇಲೆ 45ಕ್ಕೆ ಇಳಿಸಿದರು. ಒಳ್ಳೆಯ ಯೋಜನೆ. ಎಷ್ಟು ಒಳ್ಳೆಯದೆಂದರೆ ಅನ್ನಭಾಗ್ಯ ಗೊತ್ತಿಲ್ಲದ ಒಬ್ಬನೂ ಊರಲ್ಲಿ ಸಿಗುವುದಿಲ್ಲ, ದಂತಭಾಗ್ಯ ಗೊತ್ತಿರುವವನನ್ನು ಹುಡುಕಿ ತರಬೇಕು.

ಅಕ್ಕಿಗೆ ಫ್ಲೆಕ್ಸ್, ಹಲ್ಲಿಗೆ ಸುತ್ತೋಲೆ. ಇದರ ಹಿಂದೆ ತರ್ಕವೂ ಇದೆ. ಮೆತ್ತಗಿನ ಅನ್ನ ನುಂಗಲು ಹಲ್ಲು ಯಾಕೆ? ಆದರೆ ಇದು ರೊಟ್ಟಿ ಸೀಮೆ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ ಬರುತ್ತದೆ. ಖಡಕ್ ರೊಟ್ಟಿ ಬಡಿದ ಅಜ್ಜಿಯೇ ಪಂಕ್ತಿಯಲ್ಲಿ ಕೂತು ಅದನ್ನು ಸಾರಿನಲ್ಲಿ ನೆನೆಹಾಕಿ ಕಾಯುತ್ತಾಳೆ.

ಸೆಟ್ಟಿನ ಕತೆ ಸೆಟ್ ಕಟ್ಟಿಸಿದವರಿಗೆ ಗೊತ್ತು. ಮೇಲಿನದು ಅಂಗುಳಕ್ಕೆ ಅಂಟಿ ನಿಲ್ಲುತ್ತದೆ. ಕೆಳಗಿನದಕ್ಕೆ ಹಿಡಿಯಲು ಏನೂ ಇಲ್ಲ. ಹಲ್ಲು ಹೋದ ಎಲುಬು ವರ್ಷವರ್ಷ ಸವೆಯುತ್ತದೆ, ನಾಲಿಗೆ ಹೊರಳಿದರೆ ಸೆಟ್ ಎದ್ದು ಬರುತ್ತದೆ, ಕಡೆಗೆ ಗೂಡಿನಲ್ಲಿ ದೇವರ ಪಕ್ಕ ಕೂರುತ್ತದೆ. ಇದಕ್ಕೆ ಮದ್ದು ಗೊತ್ತಿಲ್ಲದ್ದೇನಲ್ಲ. 2002ರಲ್ಲೇ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಒಮ್ಮತಕ್ಕೆ ಬಂದಿದ್ದರು: ಹಲ್ಲೇ ಇಲ್ಲದ ಕೆಳದವಡೆಗೆ ಎರಡು ಸ್ಕ್ರೂ, ಅದರ ಮೇಲೆ ಗುಂಡಿಯ ಹಾಗೆ ಕೂರುವ ಸೆಟ್, ಇದೇ ಮೊದಲ ಆಯ್ಕೆಯಾಗಬೇಕು. ಹದಿನಾಲ್ಕು ಹಲ್ಲಿಗೆ ಹದಿನಾಲ್ಕು ಸ್ಕ್ರೂ ಬೇಡ. ಬರೀ ಎರಡು.

ಕ್ಲಿನಿಕ್ಕಿನಲ್ಲಿ ಪೂರ್ತಿ ಬಾಯಿಗೆ ನಾಲ್ಕೈದು ಲಕ್ಷ ಅಂತ ಹೇಳಿದರೆ ಮೊದಲು ಈ ಎರಡು ಸ್ಕ್ರೂ ಬಗ್ಗೆ ಕೇಳಿ. ಎಸ್ಟಿಮೇಟನ್ನು ಬರೆಸಿಕೊಳ್ಳಿ: ಸ್ಕ್ರೂ, ಗೂಟ, ಕ್ಯಾಪ್, ಸ್ಕ್ಯಾನ್, ಎಲುಬಿನ ಪುಡಿ, ಎಲ್ಲ ಸೇರಿಸಿ. ಸ್ಕ್ರೂ ಡಬ್ಬಿಯ ಮೇಲೆ ಕಂಪನಿ, ಅಳತೆ, ಬ್ಯಾಚ್ ನಂಬರಿನ ಸ್ಟಿಕ್ಕರ್ ಇರುತ್ತದೆ. ನಿಮ್ಮ ಫೈಲಿಗೆ ಅಂಟಿಸಿಕೊಡಿ ಅನ್ನಿ. ನಾಳೆ ಗೂಟ ಸಡಿಲಾದರೆ ಯಾವ ಊರಿನ ಡಾಕ್ಟರಿಗಾದರೂ ಅದು ಬೇಕು. ಕೇಳಿದರೆ ಸಿಟ್ಟಾಗುವ ಕ್ಲಿನಿಕ್ಕಿನಿಂದ ಎದ್ದು ಬನ್ನಿ.

ಸರ್ಕಾರಕ್ಕೆ ಹೇಳುವುದು ಇನ್ನೂ ಚಿಕ್ಕದು. ದಂತಭಾಗ್ಯದ ಸೆಟ್ಟಿಗೆ ಕೆಳಗಿನ ಆ ಎರಡು ಸ್ಕ್ರೂ ಸೇರಿಸಿ. ಟೆಂಡರ್ ಕರೆದು ಸಾವಿರಗಟ್ಟಲೆ ಒಟ್ಟಿಗೆ ಕೊಂಡರೆ ಕಂಪನಿಗಳೇ ದರ ಇಳಿಸುತ್ತವೆ. ಕೊಪ್ಪಳದ ವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೊಂದು ವಿಭಾಗ ಮಾಡಿ, ಫ್ಲೋರೈಡ್ ನೀರು ಕುಡಿಸಿದ ತಾಲ್ಲೂಕುಗಳಿಂದ ಶುರು ಮಾಡಿ. 5,000 ಕೋಟಿಯಲ್ಲಿ ಇದು ಹಲ್ಲುಕಡ್ಡಿಯ ಖರ್ಚು.

ಮುಂದಿನ ಬಜೆಟ್ಟಿನಲ್ಲೂ ಇದು ಕಾಣದಿದ್ದರೆ, ಓದುಗ ಮಹಾಶಯರೇ, ಸುಮ್ಮನಿರಬೇಡಿ. ಚುನಾವಣೆಗೆ ಕೈ ಮುಗಿದು ಮನೆ ಬಾಗಿಲಿಗೆ ಬರುತ್ತಾರಲ್ಲ, ಆಗ ಅರ್ಜಿ ಕೊಡಬೇಡಿ, ಹಾರ ಹಾಕಬೇಡಿ. ಅವರೆದುರು ಬಾಯಿ ಅಗಲಿಸಿ ತೋರಿಸಿ. ಮನೆಯವರೆಲ್ಲ ಸಾಲಾಗಿ ನಿಂತು ತೋರಿಸಿ.